ಅಪ್ಪನ ಗಾಡಿಯ ಟ್ಯಾಪೆಟ್ಟು, ನನ್ನ ಎರಡನೇ ಪಾಠ

ಅಭ್ಯಾಸ ಬೋಧನೆಯ ಅನುಭವ: ಭೌತವಿಜ್ಞಾನ, 9ನೇ ತರಗತಿ

ಹಿನ್ನೆಲೆ

ಅಭ್ಯಾಸ ಬೋಧನೆಯ ಮೊದಲ ಸುತ್ತಿನಲ್ಲಿ ನಾನು 9ನೇ ತರಗತಿಯ ‘ಕೆಲಸ ಮತ್ತು ಶಕ್ತಿ’ ಅಧ್ಯಾಯದಿಂದ ಶಕ್ತಿಯ ರೂಪಾಂತರ ಎಂಬ ಭಾಗವನ್ನು ಆರಿಸಿಕೊಂಡಿದ್ದೆ. ಇಂಧನದಲ್ಲಿರುವ ರಾಸಾಯನಿಕ ಶಕ್ತಿ ಉಷ್ಣವಾಗಿ, ಆ ಉಷ್ಣ ಚಲನಶಕ್ತಿಯಾಗಿ ಬದಲಾಗುವುದಕ್ಕೆ ಲಾರಿಯ ಎಂಜಿನ್ನನ್ನೇ ಉದಾಹರಣೆ ಮಾಡಿಕೊಂಡೆ. ಬಣ್ಣದ ಚಾರ್ಟಿನಲ್ಲಿ ಸಿಲಿಂಡರ್, ಪಿಸ್ಟನ್, ಎರಡು ವಾಲ್ವ್, ನಡುವೆ ಸ್ಪಾರ್ಕ್ ಪ್ಲಗ್ ಬರೆದು, ನಾಲ್ಕು ಸ್ಟ್ರೋಕುಗಳ ಹೆಸರನ್ನು ಮಕ್ಕಳಿಂದ ಎರಡು ಸಲ ಹೇಳಿಸಿದೆ. ಪಾಠ ಯೋಜನೆಯ ಪ್ರಕಾರ ಎಲ್ಲವೂ ಸರಿಯಾಗಿಯೇ ಸಾಗಿತ್ತು.

ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು, “ಮಿಸ್, ಲಾರಿಗೆ ಪ್ಲಗ್ ಎಲ್ಲಿರ್ತದೆ? ನಮ್ಮ ಮಾವನ ಗ್ಯಾರೇಜಲ್ಲಿ ನಾನು ನೋಡೇ ಇಲ್ಲ” ಎಂದ. ತರಗತಿ ನಕ್ಕಿತು. “ಅದನ್ನ ಆಮೇಲೆ ನೋಡೋಣ, ಕೂತ್ಕೊ” ಎಂದು ಮುಂದೆ ಹೋದೆ. ಅವನು ಕೇಳಿದ್ದು ಸರಿ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಕೆಲವು ಡೀಸೆಲ್ ಎಂಜಿನ್ನುಗಳಲ್ಲಿ ಹೀಟರ್ ಪ್ಲಗ್ ಇರುತ್ತದೆ, ಆದರೆ ಅದು ತಣ್ಣಗಿರುವಾಗ ಸ್ಟಾರ್ಟ್ ಮಾಡಲು ಬೇಕಾದ ಕಾವು ಕೊಡುವುದಕ್ಕೆ ಮಾತ್ರ. ನಾನು ಲಾರಿ ಎಂದು ಹೇಳಿ ಪೆಟ್ರೋಲ್ ಎಂಜಿನ್ನಿನ ಚಿತ್ರ ಬರೆದಿದ್ದೆ. ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ನಮೂನೆಯಲ್ಲಿ ಒಂದೇ ಸಾಲು ಬರೆದಿದ್ದರು: “ವಿದ್ಯಾರ್ಥಿಯ ಪ್ರಶ್ನೆ ಪಾಠಕ್ಕಿಂತ ಮುಂದಿತ್ತು.”

ನಾಚಿಕೆಯಾಗಲು ಇನ್ನೊಂದು ಕಾರಣವಿತ್ತು. ನಮ್ಮ ಮನೆ ನಡೆಯುವುದೇ ಡೀಸೆಲ್ ಗಾಡಿಯಿಂದ. ಅಪ್ಪನ ಹತ್ತಿರ ಹಳೆಯ ಟಾಟಾ 407 ಇದೆ. 1986ರಲ್ಲಿ ರಸ್ತೆಗೆ ಬಂದ ಈ ಮಾದರಿಯ ಗಾಡಿಗಳು ನಮ್ಮ ಕಡೆ ಇಂದಿಗೂ ತೆಂಗಿನಕಾಯಿ, ಕೊಬ್ಬರಿ ಹೊತ್ತು ತಿಪಟೂರಿನ ಮಾರುಕಟ್ಟೆಗೆ ಓಡಾಡುತ್ತವೆ. ಆ ಗಾಡಿಯ ಬಾಡಿಗೆಯಲ್ಲಿ ಓದಿದ ನಾನು ಅದರ ಎಂಜಿನ್ ಮುಚ್ಚಳವನ್ನು ಒಮ್ಮೆಯೂ ತೆಗೆದು ನೋಡಿರಲಿಲ್ಲ.

ಮನೆಯಲ್ಲಿ ನಡೆದ ಪಾಠ

ದಸರಾ ರಜೆಗೆ ಊರಿಗೆ ಹೋದಾಗ ಗಾಡಿ ಏರಿನಲ್ಲಿ ಎಳೆಯುತ್ತಿರಲಿಲ್ಲ, ಕಪ್ಪು ಹೊಗೆ ಬಿಡುತ್ತಿತ್ತು. ಎರಡು ಸಲ ದಾರಿಯಲ್ಲಿ ಏರ್ ಹಿಡಿದು ನಿಂತಿತ್ತು. ಇಷ್ಟು ವರ್ಷ ಕೆಲಸ ಮಾಡಿಕೊಡುತ್ತಿದ್ದ ಮೇಸ್ತ್ರಿ ಅಂಗಡಿ ಮುಚ್ಚಿದ್ದರು. ಅಪ್ಪನಿಗೆ ಕೆಲಸ ಗೊತ್ತು, ಆದರೆ ಕಣ್ಣು ಮಂಜಾಗಿ ಫೀಲರ್ ಗೇಜಿನ ಮೇಲಿನ ಅಂಕಿ ಕಾಣುವುದಿಲ್ಲ. “ಕಣ್ಣು ನಿಂದು, ಕಿವಿ ನಂದು. ಬಾ” ಎಂದರು. ಹೀಗೆ ನನ್ನ ಮೊದಲ ಟ್ಯೂನಿಂಗ್ ಮನೆಯಂಗಳದಲ್ಲಿ ಶುರುವಾಯಿತು.

ಅಪ್ಪ ಮರದ ಸ್ಟೂಲಿನ ಮೇಲೆ ಕುಳಿತರು. ಪಾನ ಮುಟ್ಟಲಿಲ್ಲ. ಮೊದಲು ದುಪಟ್ಟಾ ತೆಗೆಸಿ, ಜಡೆಯನ್ನು ಗಂಟು ಕಟ್ಟಿಸಿದರು. ಚಕ್ರಗಳಿಗೆ ಕಲ್ಲು ಕೊಡಿಸಿ, ಗೇರನ್ನು ನ್ಯೂಟ್ರಲ್‌ಗೆ ಹಾಕಿಸಿ, ಬ್ಯಾಟರಿಯ ವೈರು ಬಿಚ್ಚಿಸಿ, ಕೀಲಿ ತಮ್ಮ ಜೇಬಿಗೆ ಹಾಕಿಕೊಂಡರು. ಆಮೇಲೆ ಕೆಲಸದ ಕ್ರಮವನ್ನು ನನ್ನಿಂದಲೇ ಹೇಳಿಸಿದರು. ನಾನು “ಮೊದಲು ಆಯಿಲ್ ಇಳಿಸೋಣ” ಎಂದೆ. “ತಣ್ಣಗಿರೋ ಆಯಿಲ್ ಇಳೀತದಾ?” ಎಂದು ಕೇಳಿದರು. ಕ್ರಮ ತಾನಾಗಿ ಹೊಳೆಯಿತು. ಟ್ಯಾಪೆಟ್ಟನ್ನು ಎಂಜಿನ್ ತಣ್ಣಗಿರುವಾಗ ನೋಡಬೇಕು, ಆದ್ದರಿಂದ ಅದು ಬೆಳಗ್ಗೆಯೇ. ನಂತರ ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ತೆಗೆಯುವುದು. ಎಂಜಿನ್ ಓಡಿ ಬಿಸಿಯಾದ ಮೇಲೆ, ನಿಲ್ಲಿಸಿ, ಆಯಿಲ್ ಇಳಿಸುವುದು. ಬಿಸಿ ಆಯಿಲ್ ತೆಳುವಾಗಿ ಕೊಳೆಯನ್ನೂ ಹೊತ್ತುಕೊಂಡು ಇಳಿಯುತ್ತದೆ. ಇಳಿಸಿದ ಆಯಿಲ್ಲನ್ನು ಕ್ಯಾನಿಗೆ ತುಂಬಿಸಿದೆವು, ತೋಟದ ಮಣ್ಣಿಗೆ ಒಂದು ಹನಿಯೂ ಬೀಳಬಾರದು ಎಂಬುದು ಅಪ್ಪನ ಕಟ್ಟುನಿಟ್ಟು.

ಟ್ಯಾಪೆಟ್ಟಿನ ಲೆಕ್ಕ

ವಾಲ್ವಿನ ತುದಿಗೂ ಅದನ್ನು ಒತ್ತುವ ರಾಕರ್‌ಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಲೋಹ ಬಿಸಿಯಾದಾಗ ಉದ್ದವಾಗುತ್ತದೆ. ಸಂದು ಇಲ್ಲದಿದ್ದರೆ ಬಿಸಿ ಎಂಜಿನ್ನಿನಲ್ಲಿ ವಾಲ್ವ್ ಪೂರ್ತಿ ಮುಚ್ಚದೆ ಒತ್ತಡ ಸೋರುತ್ತದೆ, ವಾಲ್ವ್ ಸುಟ್ಟೂಹೋಗಬಹುದು. ಸಂದು ಹೆಚ್ಚಾದರೆ ಟಕ್ ಟಕ್ ಸದ್ದು ಬರುತ್ತದೆ, ವಾಲ್ವ್ ತೆರೆಯುವುದು ತಡವಾಗಿ ಗಾಳಿ ಕಡಿಮೆಯಾಗುತ್ತದೆ. ಎಕ್ಸಾಸ್ಟ್ ವಾಲ್ವ್ ಸುಟ್ಟ ಹೊಗೆಯ ದಾರಿಯಲ್ಲಿರುವುದರಿಂದ ಹೆಚ್ಚು ಬಿಸಿಯಾಗುತ್ತದೆ, ಹಾಗಾಗಿ ಅದರ ಸಂದು ಸಾಮಾನ್ಯವಾಗಿ ಇನ್ನೊಂದಕ್ಕಿಂತ ಹೆಚ್ಚು. ಸರಿಯಾದ ಅಳತೆ ಆಯಾ ಎಂಜಿನ್ನಿನ ಕೈಪಿಡಿಯಲ್ಲಿರುತ್ತದೆ. ಅದನ್ನು ಊಹಿಸಬಾರದು, ಬೇರೆ ಗಾಡಿಯಿಂದ ಎರವಲು ತರಲೂಬಾರದು.

ಸಂದು ನೋಡುವಾಗ ಆ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿರಬೇಕು. ಯಾವಾಗ ಮುಚ್ಚಿರುತ್ತವೆ? ಇಲ್ಲಿ ಅಪ್ಪ ನನಗೊಂದು ಒಗಟು ಕೊಟ್ಟರು. ಮುಂದಿನ ಪುಲ್ಲಿಯ ನಟ್ಟಿಗೆ ಪಾನ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ನಿಧಾನ ತಿರುಗಿಸುತ್ತ ಹೋಗು, 4ನೇ ಸಿಲಿಂಡರಿನ ಒಂದು ವಾಲ್ವ್ ಮುಚ್ಚಿಕೊಳ್ಳುತ್ತ ಇನ್ನೊಂದು ತೆರೆದುಕೊಳ್ಳುವ ಹೊತ್ತಿಗೆ ನಿಲ್ಲಿಸು, ಆಗ 1ನೇದನ್ನು ನೋಡು ಎಂದರು. ಅರ್ಧ ಸುತ್ತು ತಿರುಗಿಸಿದಾಗ 2ನೇದು ತೂಗಾಡಿತು, 3ನೇದನ್ನು ನೋಡಿದೆವು. ಮತ್ತೆ ಅರ್ಧ ಸುತ್ತಿಗೆ 1 ತೂಗಾಡಿತು, 4 ನೋಡಿದೆವು. ಕೊನೆಗೆ 3 ತೂಗಾಡಿತು, 2 ನೋಡಿದೆವು.

“ಲೆಕ್ಕ ಓದಿದೋಳು ನೀನು. ಇದರಲ್ಲಿ ಏನೈತೆ ಹೇಳು” ಎಂದರು.

4 ಮತ್ತು 1, 2 ಮತ್ತು 3, 1 ಮತ್ತು 4, 3 ಮತ್ತು 2. ಕೂಡಿದರೆ ಪ್ರತಿ ಸಲವೂ 5. ತೂಗಾಡುವ ಸಿಲಿಂಡರಿನ ಸಂಖ್ಯೆಯನ್ನು 5ರಿಂದ ಕಳೆದರೆ ನೋಡಬೇಕಾದ ಸಿಲಿಂಡರ್ ಸಿಗುತ್ತದೆ. ನಾಲ್ಕು ಸಿಲಿಂಡರ್ ಒಂದೇ ಸಾಲಿನಲ್ಲಿದ್ದು 1-3-4-2ರ ಕ್ರಮದಲ್ಲಿ ಉರಿಯುವ ಎಂಜಿನ್ನಿಗೆ ಇದು ಹೊಂದುತ್ತದೆ. 1 ಮತ್ತು 4ರ ಪಿಸ್ಟನ್ನುಗಳು ಜೊತೆಯಾಗಿ ಮೇಲೇರುತ್ತವೆ, 2 ಮತ್ತು 3 ಇನ್ನೊಂದು ಜೋಡಿ. ಜೋಡಿಯ ಒಂದು ಪಿಸ್ಟನ್ ಗಾಳಿಯನ್ನು ಒತ್ತಿ ಮೇಲೆ ಬಂದಿರುವಾಗ ಇನ್ನೊಂದು ಹೊಗೆ ಹೊರಹಾಕಿ ಮೇಲೆ ಬಂದಿರುತ್ತದೆ. ಚಾರ್ಟಿನಲ್ಲಿ ನಾಲ್ಕು ಹೆಸರಾಗಿದ್ದ ಸ್ಟ್ರೋಕುಗಳು ನನಗೆ ಅರ್ಥವಾದದ್ದು ಆ ಬೆಳಗ್ಗೆ.

ಬಿಟ್ಟ ತಪ್ಪು, ತಡೆದ ತಪ್ಪು

ಸ್ಕ್ರೂ ತಿರುಗಿಸಿ ಸಂದು ಸರಿಮಾಡಿದ ಮೇಲೆ ಲಾಕ್ ನಟ್ ಬಿಗಿಯಬೇಕು. ಬಿಗಿಯುವಾಗ ಸ್ಕ್ರೂ ತುಸು ತಿರುಗಿ ಸಂದು ಬದಲಾಗಬಹುದು, ಆದ್ದರಿಂದ ಬಿಗಿದ ನಂತರ ಮತ್ತೆ ಫೀಲರ್ ಗೇಜ್ ಎಳೆದು ನೋಡಬೇಕು. 3ನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನಲ್ಲಿ ನಾನು ಇದನ್ನು ಮರೆತೆ. ಅಪ್ಪ ನೋಡುತ್ತಿದ್ದರು, ಹೇಳಲಿಲ್ಲ.

ಡೀಸೆಲ್ ಫಿಲ್ಟರ್ ಬದಲಿಸಿದ ಮೇಲೆ ಏರ್ ತೆಗೆಯುವ ಕೆಲಸ ಬಂತು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತ ಹೋದರೆ ಮೊದಲು ನೊರೆ ಬರುತ್ತದೆ, ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಸ್ಕ್ರೂ ಬಿಗಿಯಬೇಕು. ಆದರೂ ಗಾಡಿ ಸ್ಟಾರ್ಟ್ ಆಗಲಿಲ್ಲ. ನಾಝಲ್ಲಿಗೆ ಹೋಗುವ ಪೈಪಿನ ನಟ್ಟು ಸಡಿಲಿಸಿ, ಡೀಸೆಲ್ ಬರುತ್ತಿದೆಯೇ ಎಂದು ಬೆರಳು ಒಡ್ಡಿ ನೋಡಲು ಹೋದೆ. “ಕೈ ತಗಿ!” ಎಂದು ಅಪ್ಪ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತು. ಅಲ್ಲಿಂದ ಚಿಮ್ಮುವ ಡೀಸೆಲ್ಲಿನ ಒತ್ತಡ ಚರ್ಮವನ್ನು ತೂರಿ ಒಳಗೆ ಹೋಗುವಷ್ಟಿರಬಹುದು. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಬೆರಳನ್ನೇ ಕಳೆದುಕೊಳ್ಳುವ ಗಾಯ ಅದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿಗೆ ರಟ್ಟಿನ ತುಂಡು ಒಡ್ಡಬೇಕು, ಕೈಯನ್ನಲ್ಲ.

ಕೊನೆಗೆ ಗಾಡಿ ಸ್ಟಾರ್ಟ್ ಆಯಿತು. ಕಪ್ಪು ಹೊಗೆ ಇಳಿದಿತ್ತು, ಹಳೆಯ ಏರ್ ಫಿಲ್ಟರ್ ತುಂಬ ಧೂಳು ಕಟ್ಟಿಕೊಂಡಿದ್ದೇ ಅದಕ್ಕೆ ಮುಖ್ಯ ಕಾರಣ. ಆದರೆ ಟಕ್ ಟಕ್ ಸದ್ದು. “ಯಾವುದೋ ಒಂದು ಮಾತಾಡ್ತಾ ಐತೆ. ಯಾವುದು ಅಂತ ನೀನೇ ಹೇಳು” ಎಂದರು. ನಾನು ನನ್ನ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ನೆನೆದೆ. ಏಳು ಸಲ ಮತ್ತೆ ಅಳೆದದ್ದು ನೆನಪಿತ್ತು, ಎಂಟನೆಯದು ನೆನಪಿರಲಿಲ್ಲ. ಎಂಜಿನ್ ಬಿಸಿಯಾಗಿದ್ದರಿಂದ ಆ ದಿನ ಸರಿಮಾಡುವಂತಿರಲಿಲ್ಲ. ಮರುದಿನ ಬೆಳಗ್ಗೆ ಮುಚ್ಚಳ ತೆಗೆದು ಸರಿಮಾಡುವ ಹೊತ್ತಿಗೆ ಒಂದು ಲೋಡು ಬೇರೆ ಗಾಡಿಗೆ ಹೋಯಿತು. ಅಪ್ಪ ಆ ಬಾಡಿಗೆಯ ಬಗ್ಗೆ ಒಂದು ಮಾತೂ ಆಡಲಿಲ್ಲ.

ನಾನು ಓದಿದ ಬೋಧನಾಶಾಸ್ತ್ರದ ಯಾವ ಅಧ್ಯಾಯಕ್ಕಿಂತಲೂ ಇದು ನನ್ನನ್ನು ಹೆಚ್ಚು ಕಾಡಿತು. ಸದ್ದಿನಿಂದ ತಾನೇ ಬಯಲಾಗುವ ತಪ್ಪನ್ನು ನಾನು ಹುಡುಕಲು ಬಿಟ್ಟರು, ಅದಕ್ಕೆ ಒಂದು ದಿನದ ದುಡಿಮೆ ತೆತ್ತರು. ಬೆರಳು ಹೋಗುವ ತಪ್ಪಿಗೆ ಒಂದು ಕ್ಷಣವೂ ಕಾಯಲಿಲ್ಲ. ಎಲ್ಲಿ ಕಾಯಬೇಕು, ಎಲ್ಲಿ ಕೂಗಬೇಕು ಎಂಬ ಈ ವಿವೇಚನೆ ಪಾಠ ಯೋಜನೆಯ ಯಾವ ಕಾಲಮ್ಮಿನಲ್ಲೂ ಇಲ್ಲ.

ಎರಡನೇ ಪಾಠದ ಯೋಜನೆ

ರಜೆ ಮುಗಿದ ಮೇಲೆ ಅದೇ ತರಗತಿಗೆ ಅದೇ ಭಾಗವನ್ನು ಮತ್ತೆ ಬೋಧಿಸಲು ಅನುಮತಿ ಕೇಳಿದೆ. 40 ನಿಮಿಷದ ಎರಡು ಅವಧಿ ಸಿಕ್ಕಿತು.

ಕಲಿಕಾ ಫಲಗಳು:
- ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಕಿಡಿಯಿಲ್ಲದೆ ಹೊತ್ತಿಕೊಳ್ಳುವುದಕ್ಕೆ ಕಾರಣ ಹೇಳುವರು.
- ದ್ರವ ಮತ್ತು ಅನಿಲದ ಸಂಕೋಚನದ ವ್ಯತ್ಯಾಸವನ್ನು ‘ಏರ್ ಹಿಡಿಯುವುದಕ್ಕೆ’ ಅನ್ವಯಿಸುವರು.
- ಮಿಲಿಮೀಟರಿನ ಹತ್ತನೇ ಭಾಗವನ್ನು ಅಳೆಯುವ ಸಾಧನ ತಯಾರಿಸುವರು.
- ನಾಲ್ಕು ಸಿಲಿಂಡರುಗಳ ಕೆಲಸದ ಸರದಿಯಲ್ಲಿರುವ ನಿಯಮವನ್ನು ಕಂಡುಕೊಳ್ಳುವರು.

ಪಾಠೋಪಕರಣಗಳು: ಸೈಕಲ್ ಪಂಪು, ಸೂಜಿಯಿಲ್ಲದ ಎರಡು ಸಿರಿಂಜು, ನೀರು, 500 ಹಾಳೆಗಳ ಒಂದು ಕಟ್ಟು ಕಾಗದ, ಸ್ಕೇಲು, ಅಂಕಿ ಬರೆದ ನಾಲ್ಕು ರಟ್ಟು, ಅಪ್ಪನ ಫೀಲರ್ ಗೇಜ್, ಬಿಚ್ಚಿದ ಹಳೆಯ ಏರ್ ಫಿಲ್ಟರ್. ಡೀಸೆಲ್ಲನ್ನಾಗಲಿ, ಓಡುವ ಎಂಜಿನ್ನನ್ನಾಗಲಿ ತರಗತಿಯ ಹತ್ತಿರ ತರಲಿಲ್ಲ.

ಪಾಠ ನಡೆದ ಬಗೆ

*ತೊಡಗಿಸಿಕೊಳ್ಳುವಿಕೆ.* ಮೊದಲ ಮಾತಾಗಿ, “ಹಿಂದಿನ ಪಾಠದಲ್ಲಿ ನಾನು ಬರೆದ ಚಿತ್ರ ತಪ್ಪಾಗಿತ್ತು, ಅದನ್ನು ಹಿಡಿದವನು ಇವನು” ಎಂದು ಆ ಹುಡುಗನನ್ನು ಕರೆದು, ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಅವನಿಂದಲೇ ಬರೆಸಿದೆ: ಪ್ಲಗ್ ಇಲ್ಲದೆ ಡೀಸೆಲ್ ಹೇಗೆ ಹೊತ್ತಿಕೊಳ್ಳುತ್ತದೆ? ಈ ಸಲ ಯಾರೂ ನಗಲಿಲ್ಲ.

*ಅನ್ವೇಷಣೆ.* ಸೈಕಲ್ ಪಂಪಿನ ಬಾಯಿ ಅದುಮಿ ಹತ್ತಿಪ್ಪತ್ತು ಸಲ ಒತ್ತಿದರು, ಪಂಪಿನ ತಳ ಬಿಸಿಯಾಯಿತು. ಗಾಳಿಯನ್ನು ಬೇಗ ಒತ್ತಿದರೆ ಬಿಸಿಯಾಗುತ್ತದೆ ಎಂಬುದು ಅವರ ಮಾತಿನಲ್ಲೇ ಬಂತು. ಡೀಸೆಲ್ ಎಂಜಿನ್ನಿನಲ್ಲಿ ಗಾಳಿ ಮೊದಲಿನ ಗಾತ್ರದ ಹದಿನೈದರಿಂದ ಇಪ್ಪತ್ತರಲ್ಲಿ ಒಂದು ಭಾಗಕ್ಕೆ ಕುಗ್ಗಿ, 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು ಅದರ ಅರ್ಧದಷ್ಟು ಸಾಕು. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನ ಮೂಲ ವಿಚಾರ ಇದೇ ಎಂದು ಇಲ್ಲಿ ಹೇಳಿದೆ.

ಅನಂತರ ಸಿರಿಂಜು. ಬಾಯಿಯನ್ನು ಬೆರಳಿನಿಂದ ಮುಚ್ಚಿ ಒತ್ತಿದಾಗ ನೀರು ತುಂಬಿದ್ದು ಜಗ್ಗಲಿಲ್ಲ, ಗಾಳಿ ತುಂಬಿದ್ದು ಕುಗ್ಗಿತು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದರೆ ಪಂಪಿನ ಒತ್ತಡವೆಲ್ಲ ಗಾಳಿಯನ್ನು ಕುಗ್ಗಿಸುವುದಕ್ಕೇ ಹೋಗಿ ನಾಝಲ್ ತೆರೆಯುವುದಿಲ್ಲ. ಟ್ಯಾಂಕ್ ಪೂರ್ತಿ ಖಾಲಿಯಾದ ಲಾರಿಗೆ ಡೀಸೆಲ್ ಹಾಕಿದರೂ ಯಾಕೆ ಸ್ಟಾರ್ಟ್ ಆಗುವುದಿಲ್ಲ ಎಂದು ಕೇಳಿದಾಗ, ಹೆಚ್ಚಿನ ಮಕ್ಕಳು ಸಿರಿಂಜನ್ನೇ ತೋರಿಸಿ ಉತ್ತರ ಕೊಟ್ಟರು.

*ವಿವರಣೆ.* ಕಾಗದದ ಕಟ್ಟಿನ ದಪ್ಪ ಸುಮಾರು 5 ಸೆಂ.ಮೀ. ಬಂತು. 50 ಮಿ.ಮೀ.ಯನ್ನು 500ರಿಂದ ಭಾಗಿಸಿದರೆ ಒಂದು ಹಾಳೆ 0.1 ಮಿ.ಮೀ. ಎರಡು ಹಾಳೆ ಜೋಡಿಸಿದ ಪಟ್ಟಿ 0.2, ಮೂರು ಹಾಳೆಯದು 0.3. ತಮ್ಮದೇ ಫೀಲರ್ ಗೇಜ್ ಮಾಡಿಕೊಂಡು ಕಿಟಕಿಯ ಸಂದು, ಡೆಸ್ಕಿನ ಸಂದು ಅಳೆದರು. ಪಟ್ಟಿ ಬಿಗಿಯಾಗಿ ಸಿಕ್ಕಿಕೊಳ್ಳಬಾರದು, ಸಡಿಲವಾಗಿಯೂ ಜಾರಬಾರದು, ತುಸು ಹಿಡಿದು ಬರಬೇಕು. ಇದನ್ನು ಮಾತಿನಲ್ಲಿ ಹೇಳಿದರೆ ತಿಳಿಯುವುದಿಲ್ಲ, ಎಳೆದೇ ನೋಡಬೇಕು. ಸಂದು ಯಾಕೆ ಎಂಬುದಕ್ಕೆ ಒಂದು ಲೆಕ್ಕ ಮಾಡಿದೆವು. ಉಕ್ಕಿನ 1 ಮಿ.ಮೀ. ಉದ್ದ ಒಂದು ಡಿಗ್ರಿಗೆ ಸುಮಾರು 0.000012 ಮಿ.ಮೀ. ಹಿಗ್ಗುತ್ತದೆ. 100 ಮಿ.ಮೀ.ನ ಕಡ್ಡಿ 200 ಡಿಗ್ರಿ ಹೆಚ್ಚು ಬಿಸಿಯಾದರೆ ಹಿಗ್ಗುವುದು 0.24 ಮಿ.ಮೀ. ಅಂದರೆ ಎರಡು ಮೂರು ಹಾಳೆಯ ದಪ್ಪ. ಆ ಹೊತ್ತಿಗೆ ತರಗತಿಯಲ್ಲಿ ಒಂದು ‘ಓ’ ಕೇಳಿಸಿತು.

*ವಿಸ್ತರಣೆ.* ಎರಡನೇ ಅವಧಿಯಲ್ಲಿ ನಾಲ್ವರು 1, 2, 3, 4 ಎಂಬ ರಟ್ಟು ಹಿಡಿದು ಸಾಲಾಗಿ ನಿಂತರು. ನಾನು ಚಪ್ಪಾಳೆ ತಟ್ಟಿದಾಗ ಅರ್ಧ ಸುತ್ತು. ಪ್ರತಿ ಚಪ್ಪಾಳೆಗೆ ಒಬ್ಬೊಬ್ಬರೂ ‘ಎಳೆ, ಒತ್ತು, ಉರಿ, ಬಿಡು’ ಎಂಬ ಸರದಿಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಬೇಕು. 1 ‘ಉರಿ’ ಎಂದಾಗ 3 ‘ಒತ್ತು’, 4 ‘ಎಳೆ’, 2 ‘ಬಿಡು’. ಉಳಿದವರು ಯಾರು ‘ಉರಿ’, ಅದೇ ಚಪ್ಪಾಳೆಗೆ ಯಾರು ‘ಎಳೆ’ ಎಂದು ಹಲಗೆಯ ಮೇಲೆ ಎರಡು ಸಾಲಿನಲ್ಲಿ ಬರೆದರು. ‘ಬಿಡು’ವಿನಿಂದ ‘ಎಳೆ’ಗೆ ದಾಟುವವನೇ ತೂಗಾಡುವ ಸಿಲಿಂಡರ್. ಐದು ಎಂಬ ಮೊತ್ತವನ್ನು ನಾನು ಹೇಳಲಿಲ್ಲ. ಎರಡು ಸುತ್ತು ಆಡಿದ ಮೇಲೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳಿದಳು. ಹೇಳುವುದಕ್ಕೆ ಮೊದಲು ಸುಮಾರು ಒಂದು ನಿಮಿಷ ತರಗತಿ ಸುಮ್ಮನಿತ್ತು. ಆ ಒಂದು ನಿಮಿಷ ಬಾಯಿ ಮುಚ್ಚಿಕೊಂಡಿರಲು ನನಗೆ ಅಪ್ಪನ ಸ್ಟೂಲು ನೆನಪಾಗಬೇಕಾಯಿತು.

*ಮೌಲ್ಯಮಾಪನ.* ಹೆಸರು ಹೇಳಿಸುವ ಪ್ರಶ್ನೆಗಳನ್ನು ಬಿಟ್ಟು ಮೂರು ಸನ್ನಿವೇಶ ಕೊಟ್ಟೆ. ಕಪ್ಪು ಹೊಗೆ ಬಿಡುವ ಗಾಡಿಯಲ್ಲಿ ಮೊದಲು ಏನು ನೋಡುವಿರಿ? ಉರಿಯಲು ಗಾಳಿ ಸಾಲದು ಎಂದು ಊಹಿಸಿ ಏರ್ ಫಿಲ್ಟರ್ ನೋಡಬೇಕು. ನೀಲಿ ಹೊಗೆ ಬಂದರೆ? ಎಂಜಿನ್ ಆಯಿಲ್ ಸೇರಿ ಉರಿಯುತ್ತಿದೆ. ಸದ್ದು ಬಂದರೆ? ಕೆಲವರು ಹೊಗೆಯ ಬಣ್ಣಗಳನ್ನು ಅದಲುಬದಲು ಮಾಡಿದರು. ಕಾರಣ ಕೇಳಿದಾಗ ಅವರಲ್ಲಿ ಹಲವರು ತಾವೇ ತಿದ್ದಿಕೊಂಡರು.

ಸರಿಹೋಗದೆ ಉಳಿದದ್ದು

ಫೀಲರ್ ಗೇಜ್ ಮೇಜಿನ ಮೇಲಿಟ್ಟ ಕೂಡಲೇ ಹುಡುಗರು ಮುತ್ತಿಕೊಂಡರು. ಹುಡುಗಿಯರು ಎರಡು ಹೆಜ್ಜೆ ಹಿಂದೆ ನಿಂತು ನೋಡಿದರು. ನಾನು ಅದನ್ನು ಗಮನಿಸಿದ್ದು ತಡವಾಗಿ, ಅವಧಿ ಮುಗಿಯುವ ಹೊತ್ತಿಗೆ ಒಬ್ಬಳು ಬಂದು, “ಮಿಸ್, ಇದನ್ನೆಲ್ಲ ನಿಜವಾಗ್ಲೂ ನೀವೇ ಮಾಡಿದ್ರಾ?” ಎಂದು ಕೇಳಿದಾಗ. ಅವಳ ಮನೆಯಲ್ಲೂ ಗಾಡಿಯಿದೆ, ಅವಳನ್ನೂ ಯಾರೂ ಕರೆದಿಲ್ಲ. ಮುಂದಿನ ಸಲ ಗುಂಪುಗಳನ್ನು ಮೊದಲೇ ಮಾಡಿ, ಉಪಕರಣ ಯಾರ ಕೈಗೆ ಮೊದಲು ಹೋಗಬೇಕೆಂದು ಯೋಜನೆಯಲ್ಲೇ ಬರೆಯುತ್ತೇನೆ.

ಇನ್ನೊಂದು ಕೊರತೆ ಸಮಯದ್ದು. ಆರ್.ಎಚ್. ದವೆ 1970ರಲ್ಲಿ ಕೌಶಲ ಕಲಿಕೆಗೆ ಅನುಕರಣೆಯಿಂದ ಸಹಜತೆಯವರೆಗೆ ಐದು ಹಂತ ಗುರುತಿಸಿದ್ದಾರೆ. ನಿಖರತೆ ಅವುಗಳಲ್ಲಿ ಮೂರನೆಯದು. ನನ್ನ ಮಕ್ಕಳು ಎರಡು ಅವಧಿಯಲ್ಲಿ ಎರಡನೇ ಹಂತ ಮುಟ್ಟಿದರೆ ಹೆಚ್ಚು. ನಾನೂ ಎಂಟನೇ ವಾಲ್ವಿನಲ್ಲಿ ಅಲ್ಲೇ ಎಡವಿದ್ದೆ.

ಸಹಪ್ರಶಿಕ್ಷಣಾರ್ಥಿಗಳಿಗೆ

ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕು ಎಂಬುದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರ ಮಾರ್ಗದರ್ಶಿ ತತ್ವಗಳಲ್ಲಿ ಒಂದು. ಪರೀಕ್ಷೆಗೆ ನಾವೆಲ್ಲ ಅದನ್ನು ಬರೆದಿದ್ದೇವೆ. ಆ ಜೋಡಣೆಗೆ ನಾನು ಮಾಡಬೇಕಾದದ್ದು ಎರಡೇ ಎಂದು ಈಗ ಅನ್ನಿಸುತ್ತದೆ: ಉದಾಹರಣೆಯಾಗಿ ತೆಗೆದುಕೊಳ್ಳುವ ವಸ್ತುವನ್ನು ಒಮ್ಮೆಯಾದರೂ ಕೈಯಿಂದ ಬಿಚ್ಚಿ ನೋಡುವುದು, ಹಾಗೂ ತರಗತಿಯಲ್ಲಿ ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಇರಬಹುದು ಎಂದು ಎಣಿಸಿಯೇ ಒಳಗೆ ಕಾಲಿಡುವುದು.

ಈ ಚಟುವಟಿಕೆ ಮಾಡುವವರಿಗೆ ಒಂದು ಎಚ್ಚರಿಕೆ. ಫಿಲ್ಟರು, ಆಯಿಲು, ಬೆಲ್ಟು, ಟ್ಯಾಪೆಟ್ಟು ಇವು ಬಲ್ಲವರು ಪಕ್ಕದಲ್ಲಿದ್ದರೆ ಮನೆಯಲ್ಲಿ ಆಗುವ ಕೆಲಸ. ಇಂಧನ ಪಂಪಿನ ಟೈಮಿಂಗು, ನಾಝಲ್ಲಿನ ಒತ್ತಡ ಇವಕ್ಕೆ ಪರೀಕ್ಷಾ ಯಂತ್ರವಿರುವ ಪಂಪ್ ವರ್ಕ್‌ಶಾಪೇ ಸರಿ.

ಆ ಹುಡುಗ ಈಗ ನನಗೆ ಹೊಸ ಪ್ರಶ್ನೆ ಕೊಟ್ಟಿದ್ದಾನೆ. ಆರು ಸಿಲಿಂಡರಿನ ಲಾರಿಗೆ ಮೊತ್ತ ಎಷ್ಟು? 1-5-3-6-2-4 ಎಂದು ಉರಿಯುವ ಎಂಜಿನ್ನಿನಲ್ಲಿ ಜೋಡಿಗಳು 1 ಮತ್ತು 6, 5 ಮತ್ತು 2, 3 ಮತ್ತು 4. ಉತ್ತರ ನನಗೆ ಗೊತ್ತಿದೆ. ಹೇಳಿಲ್ಲ, ಅವನಿಗೇ ಬಿಟ್ಟಿದ್ದೇನೆ.